ಚಹಾಪುಡಿಯ ಡಬ್ಬಿ ಮತ್ತು ಪರಿಗ್ರಹದ ಪ್ರಶ್ನೆ

ಒಂದು ವಸ್ತುವನ್ನು ಕೆಡದಂತೆ ಕಾಪಾಡುವ ಎಚ್ಚರವು ಆ ವಸ್ತುವಿನ ಮೇಲಿನ ಆಸೆಯ ಗುರುತೇ, ಅಥವಾ ಅದನ್ನು ಉಣ್ಣುವ, ಕುಡಿಯುವ ಜನರ ಮೇಲಿನ ಕಾಳಜಿಯ ಗುರುತೇ ಎಂಬ ಪ್ರಶ್ನೆಯನ್ನು ಕೇಳುವುದಕ್ಕೆ ಗದಗ ಸೀಮೆಯಷ್ಟು ತಕ್ಕ ನೆಲ ಅಪರೂಪ. ಪುಲಿಗೆರೆಯೆಂದು ಹೆಸರಾಗಿದ್ದ ಲಕ್ಷ್ಮೇಶ್ವರವು ಶಂಖಬಸದಿಯಿಂದಾಗಿ ಜೈನರ ಪ್ರಾಚೀನ ಕ್ಷೇತ್ರವಾಗಿದ್ದು, ಅಲ್ಲಿ ಅಪರಿಗ್ರಹವನ್ನು, ಎಂದರೆ ಕೂಡಿಹಾಕದಿರುವುದನ್ನು, ವ್ರತವೆಂದು ಎಣಿಸಿದ ಪರಂಪರೆ ಬಾಳಿತು. ಗದಗಿನ ತೋಂಟದಾರ್ಯ ಮಠ, ಶಿರಹಟ್ಟಿಯ ಫಕೀರೇಶ್ವರ ಮಠ, ಹೆಸರಿನಲ್ಲಿಯೇ ಅನ್ನದಾನವನ್ನು ಹೊತ್ತಿರುವ ಮುಂಡರಗಿಯ ಅನ್ನದಾನೀಶ್ವರ ಮಠ ಇವುಗಳಲ್ಲಿ ಬಂದವರಿಗೆ ನೀಡುವ ದಾಸೋಹದ ಪರಂಪರೆ ಬೆಳೆಯಿತು. ಕೂಡಿಡಬಾರದೆಂಬುದು ಒಂದು ಮಾತಾದರೆ, ಇಟ್ಟಿರದಿದ್ದರೆ ನೀಡುವುದೆಲ್ಲಿಂದ ಎಂಬುದು ಇನ್ನೊಂದು.

ಈ ಎರಡು ಮಾತುಗಳ ನಡುವಿನ ಬಿಕ್ಕಟ್ಟನ್ನು ಪರೀಕ್ಷಿಸಲು ಚಹಾಪುಡಿಯ ಡಬ್ಬಿಯೇ ಸಾಕು, ಏಕೆಂದರೆ ಈ ಭಾಗದಲ್ಲಿ ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸುವ ರೂಢಿಯಿಲ್ಲ, ಮೇಲಾಗಿ ಚಹಾಪುಡಿ ಕೆಡುವ ಬಗೆಯೂ ಬೇರೆ. ಅನ್ನ ಹಳಸಿದರೆ ಮೂಗಿಗೆ ತಿಳಿಯುತ್ತದೆ, ಜೋಳಕ್ಕೆ ನುಸಿ ಹತ್ತಿದರೆ ಕಣ್ಣಿಗೆ ಬೀಳುತ್ತದೆ. ಚಹಾಪುಡಿ ಮಾತ್ರ ಬಣ್ಣ, ರೂಪ, ತೂಕ ಎಲ್ಲವನ್ನೂ ಉಳಿಸಿಕೊಂಡೇ ಒಳಗಿನ ಸತ್ವವನ್ನು ಕಳೆದುಕೊಳ್ಳುತ್ತದೆ. ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಸಿಟಿಸಿ ಪುಡಿ, ಎಂದರೆ ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿಗೊಳಿಸಿ ಮಾಡಿದ ಸಣ್ಣ ಕಾಳು. ಕಾರ್ಖಾನೆಯಲ್ಲಿ ಒಣಗಿ ಹೊರಬಂದಾಗ ಅದರಲ್ಲಿ ಉಳಿಯುವ ತೇವ ಸುಮಾರು ನೂರಕ್ಕೆ 3 ಪಾಲು ಮಾತ್ರ. ಅಷ್ಟು ಒಣಗಿದ ವಸ್ತು ಸುತ್ತಲಿನ ಗಾಳಿಯಿಂದ ತೇವವನ್ನೂ ವಾಸನೆಯನ್ನೂ ಎಳೆದುಕೊಳ್ಳುತ್ತದೆ, ಕಾಳು ಸಣ್ಣದಾದಷ್ಟೂ ಗಾಳಿಗೆ ತಾಗುವ ಮೈ ಹೆಚ್ಚಾಗುವುದರಿಂದ ಬೇಗನೆ ಎಳೆದುಕೊಳ್ಳುತ್ತದೆ. ಬೆಳ್ಳುಳ್ಳಿ ಖಾರ, ಇಂಗು, ಗುರೆಳ್ಳು ಚಟ್ನಿ ಇರುವ ಸಾಲಿನಲ್ಲಿ ಸಡಿಲ ಮುಚ್ಚಳದ ಡಬ್ಬಿಯಿದ್ದರೆ, ಅಥವಾ ಕರ್ಪೂರ, ಊದಿನಕಡ್ಡಿ ಇಡುವ ದೇವರ ಮಾಡದಲ್ಲಿಯೇ ಅದಕ್ಕೂ ಜಾಗ ಮಾಡಿಕೊಟ್ಟಿದ್ದರೆ, ತಿಂಗಳೊಪ್ಪತ್ತಿನಲ್ಲಿ ಚಹಾಕ್ಕೆ ಆ ವಾಸನೆ ಹತ್ತುತ್ತದೆ. ಯಾಲಕ್ಕಿ ಸಿಪ್ಪೆಯನ್ನು ಚಹಾದ ಡಬ್ಬಿಯಲ್ಲಿ ಹಾಕಿಡುವ ಗೃಹಿಣಿಯರು ಪುಡಿಯ ಇದೇ ಗುಣವನ್ನು ತಿಳಿದು ಬಳಸಿಕೊಂಡವರು. ಕುದಿಯುವ ಪಾತ್ರೆಯ ಮೇಲೆಯೇ ಡಬ್ಬಿಯ ಬಾಯಿ ತೆರೆದರೆ ಹಬೆ ಒಳಹೊಕ್ಕು, ಚಮಚದ ಹಿಂಬದಿಗೆ ಪುಡಿ ಹೆಪ್ಪಾಗಿ ಅಂಟಿಕೊಳ್ಳುತ್ತದೆ, ಅದೇ ಚಮಚ ಮತ್ತೆ ಡಬ್ಬಿಗೆ ಇಳಿಯುತ್ತದೆ. ಕೆಡುಕು ಶುರುವಾಗುವುದು ಹೆಚ್ಚಾಗಿ ಇಲ್ಲಿಂದಲೇ. ಬಿಗಿ ಮುಚ್ಚಳದ ಸ್ಟೀಲಿನ ಡಬ್ಬಿ, ಒಲೆಯಿಂದ ದೂರದ ತಂಪು ಜಾಗ, ಒಣ ಚಮಚ, ಇವಿಷ್ಟಿದ್ದರೆ ಸಾಕು. ಗಾಜಿನ ಭರಣಿ ಬೆಳಕನ್ನು ಒಳಬಿಡುತ್ತದೆ; ಫ್ರಿಜ್ಜಿನಿಂದ ಹೊರತೆಗೆದ ತಣ್ಣನೆಯ ಡಬ್ಬಿಯನ್ನು ತೆರೆದೊಡನೆ ಗಾಳಿಯ ತೇವವು ಪುಡಿಯ ಮೇಲೆ ನೀರಾಗಿ ಕೂರುತ್ತದೆ.

ಜೈನ ತತ್ತ್ವವು ಈ ಎಚ್ಚರವನ್ನು ಹೇಗೆ ನೋಡೀತು ಎಂಬುದು ವಿಚಾರಯೋಗ್ಯ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಪರಿಗ್ರಹವೆಂದರೆ ವಸ್ತುವಲ್ಲ, ಮೂರ್ಛೆ ಎಂದು ನಿರೂಪಿಸುತ್ತದೆ. ಮೂರ್ಛೆಯೆಂದರೆ ವಸ್ತುವಿನಲ್ಲಿ ಮನಸ್ಸು ಮೈಮರೆತು ತನ್ನದೆಂದು ಅಂಟಿಕೊಳ್ಳುವುದು. ಗೃಹಸ್ಥನಾದ ಶ್ರಾವಕನಿಗೆ ಪೂರ್ಣ ತ್ಯಾಗವನ್ನು ವಿಧಿಸದೆ ಪರಿಗ್ರಹ ಪರಿಮಾಣವನ್ನು, ಅಂದರೆ ಇಷ್ಟೇ ಇಟ್ಟುಕೊಳ್ಳುವೆನೆಂದು ಅಳತೆ ಹಾಕಿಕೊಳ್ಳುವುದನ್ನು, ಅಣುವ್ರತವಾಗಿ ಹೇಳಲಾಗಿದೆ. ಇದಕ್ಕಿಂತ ನಿಖರವಾದುದು ದಿಗಂಬರ ಆಚಾರದಲ್ಲಿ ಆಹಾರಕ್ಕಿರುವ ‘ಮರ್ಯಾದೆ’: ಇಲ್ಲಿ ಆ ಪದಕ್ಕೆ ಗೌರವವೆಂಬ ಅರ್ಥವಿಲ್ಲ, ಕಾಲದ ಗಡಿಯೆಂದು ಅರ್ಥ. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂದು ಈ ಗಡಿಯನ್ನು ಎಣಿಸುತ್ತಾರೆ, ಏಕೆಂದರೆ ಗಡಿ ಮೀರಿದ ಹಿಟ್ಟಿನಲ್ಲಿ ಸೂಕ್ಷ್ಮ ಜೀವಗಳು ಹುಟ್ಟಿ ಅದನ್ನು ಬಳಸುವುದು ಹಿಂಸೆಯಾಗುತ್ತದೆ. ಹೀಗೆ ತಾಜಾತನದ ಲೆಕ್ಕವೂ ಅಹಿಂಸೆಯ ಲೆಕ್ಕವೂ ಒಂದೇ ಆಗಿ, ಎಷ್ಟು ಇಡಬೇಕೆಂಬುದನ್ನು ಮನೆಯೊಡೆಯನ ಆಸೆ ನಿರ್ಧರಿಸದೆ ಪದಾರ್ಥದ ಆಯುಷ್ಯವೇ ನಿರ್ಧರಿಸುತ್ತದೆ. ಈ ದೃಷ್ಟಿಗೆ ಚಹಾಪುಡಿಯನ್ನು ಒಡ್ಡಿದರೆ, ಅಗ್ಗವಾಯಿತೆಂದು ವರ್ಷಕ್ಕಾಗುವಷ್ಟು ತಂದು ತುಂಬುವುದು ಪರಿಗ್ರಹ. ತಿಂಗಳಿಗಾಗುವಷ್ಟನ್ನು ಗಾಳಿಯಾಡದಂತೆ ಮುಚ್ಚಿಡುವುದು ಪರಿಗ್ರಹವಲ್ಲ.

ಶರಣರ ಕಡೆಯಿಂದ ಈ ಮಾತಿಗೆ ಬಲ ಕೊಡುವವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಆಯ್ದು ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾದುದನ್ನು ಕಂಡು ಅವಳು ಹೆಚ್ಚಿನದನ್ನು ಮರಳಿ ಸುರಿದು ಬರಲು ಹೇಳಿದಳೆಂಬುದು ಪ್ರಸಿದ್ಧ. ಆದರೆ ಮುಂಡರಗಿ ತಾಲ್ಲೂಕಿನ ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯಲ್ಲಿ ಮನೆಮನೆಯ ಹೆಣ್ಣುಮಕ್ಕಳು ಮುಂಚಿತವಾಗಿಯೇ ಜೋಳದ ರೊಟ್ಟಿ ತಟ್ಟಿ, ನೀರಿನಂಶ ಹೋಗುವಂತೆ ಕಟಕಾಗಿಸಿ ಕೂಡಿಡುತ್ತಾರೆ. ಲಕ್ಕಮ್ಮ ಮರಳಿಸಿದ್ದು ತನ್ನ ಮನೆಗೆ ಉಳಿಯುವುದನ್ನು. ಡಂಬಳದವರು ಕೂಡಿಡುವುದು ಮನೆಯಿಂದ ಹೊರಟುಹೋಗುವುದನ್ನು. ಆದುದರಿಂದ ಇವೆರಡೂ ವಿರೋಧವಲ್ಲ, ಒಂದೇ ನಿಷ್ಠೆ ಎರಡು ಸಂದರ್ಭಗಳಲ್ಲಿ ನಡೆದುಕೊಂಡ ರೀತಿ. ಇದೇ ಡಂಬಳದಲ್ಲಿ 1095ರ ಶಾಸನವೊಂದು ಬೌದ್ಧರ ತಾರಾದೇವಿಯ ವಿಹಾರವನ್ನು ಹೇಳುತ್ತದೆ. ಅಲ್ಲಿಂದ ನೂರು ವರ್ಷದೊಳಗೆ, 1191ರಲ್ಲಿ, ಚೀನದಿಂದ ಚಹಾದ ಬೀಜವನ್ನು ಜಪಾನಿಗೆ ಒಯ್ದ ಐಸಾಯ್ ಕೂಡ ಬೌದ್ಧ ಭಿಕ್ಷುವೇ. ಜಪಾನಿನ ಚಹಾ ಪರಂಪರೆಯಲ್ಲಿ ವಸಂತದ ಎಲೆಯನ್ನು ಮಣ್ಣಿನ ಭರಣಿಯಲ್ಲಿ ಮೊಹರು ಮಾಡಿಟ್ಟು, ಚಳಿಯ ಆರಂಭದಲ್ಲಿ ಅತಿಥಿಗಳ ಎದುರಿಗೇ ಬಾಯಿ ತೆರೆಯುವ ವಿಧಿಯಿದೆ. ಅಲ್ಲಿಯೂ ಮುಚ್ಚುವಾಗಲೇ ತೆರೆಯುವ ದಿನ ಗೊತ್ತಿರುತ್ತದೆ.

ಹಲವು ಮನೆಗಳಲ್ಲಿ ಬೀಗರಿಗೆಂದು ಒಳ್ಳೆಯ ಚಹಾಪುಡಿಯನ್ನು ಬೇರೆ ಡಬ್ಬಿಯಲ್ಲಿ ಎತ್ತಿಡುವ ರೂಢಿಯುಂಟು, ಅದರ ಹಿಂದಿನ ಪ್ರೀತಿಯೂ ನಿಜವಾದುದು. ಆದರೆ ಅತಿಥಿಯೆಂದರೆ ತಿಥಿಯನ್ನು ಗೊತ್ತುಮಾಡದೆ ಬರುವವನು. ಅವನ ಹೆಸರಿನ ಡಬ್ಬಿ ತಿಂಗಳುಗಟ್ಟಲೆ ಕಪಾಟಿನಲ್ಲಿ ಕಾಯುತ್ತ, ಯಾರ ಕಣ್ಣಿಗೂ ಬೀಳದಂತೆ ಸಪ್ಪೆಯಾಗುತ್ತ ಹೋಗುತ್ತದೆ, ಕೊನೆಗೆ ಮನೆಯಲ್ಲಿರುವ ಅತ್ಯಂತ ಹಳೆಯ ಚಹಾ ಅವನ ಕಪ್ಪಿಗೇ ಬೀಳುತ್ತದೆ. ದಿನದ ಡಬ್ಬಿ ಮಾತ್ರ ಖಾಲಿಯಾಗುತ್ತ, ತುಂಬುತ್ತ, ಯಾವಾಗಲೂ ಹೊಸತಾಗಿಯೇ ಇರುತ್ತದೆ. ಬೆಳಿಗ್ಗೆ ಮನೆಯವರಿಗೆ ಕುದಿಸಿದ ಪುಡಿಯನ್ನೇ ಮಧ್ಯಾಹ್ನ ಬಂದವರಿಗೂ ಕುದಿಸುವ ಮನೆಯಲ್ಲಿ ಎರಡನೆಯ ಡಬ್ಬಿ ಬೇಕಾಗುವುದಿಲ್ಲ.