ಬೈದವನು ಯಾರು?

ತಮ್ಮನ ಮಗ ಈಗ ತಾಯಿಗೆ ಬಾಯಿಗೆ ಬಂದಂತೆ ಬೈಯುತ್ತಾನೆ. ವಿಜಯವಾಡ-ಗುಂಟೂರು ಹೆದ್ದಾರಿಯಲ್ಲಿ ಬೈಕಿನಿಂದ ಬೀಳುವ ತನಕ ಅವಳಿಗೆ ಎದುರಾಡಿದವನಲ್ಲ. ಬಲಗೈ ಸೋತಿದೆ. ಹಣೆಯ ಹಿಂದಿನ ಮಿದುಳಿಗೆ ಪೆಟ್ಟಾದರೆ ಸಿಟ್ಟು ಹಿಡಿತಕ್ಕೆ ಸಿಗುವುದಿಲ್ಲವಂತೆ. "ಭಾವನೋರೇ, ಈ ಬೈಗುಳದ ಪಾಪ ಯಾರ ಲೆಕ್ಕಕ್ಕೆ ಹೋಗ್ತದ?" ಎಂದು ಅವಳು ಕೇಳಿದಳು.

ನಾವು ಬಳ್ಳಾರಿ ಕಡೆಯ ಮಾಧ್ವರು; ಇಂಥದ್ದಕ್ಕೆ ಪುರಾಣ ಹುಡುಕುವುದು ನಮಗೆ ರೂಢಿ. ಮಹಾಭಾರತದ ಅಣಿಮಾಂಡವ್ಯನ ಕಥೆ ಹೇಳಿದೆ. ಎಳವೆಯಲ್ಲಿ ಹುಳುಗಳಿಗೆ ಕಡ್ಡಿ ಚುಚ್ಚಿದ್ದಕ್ಕೆ ಶೂಲಕ್ಕೇರಬೇಕಾಯಿತೆಂದು ತಿಳಿದ ಆ ಋಷಿ ಯಮನನ್ನೇ ಶಪಿಸಿದ, 14 ವರ್ಷದೊಳಗಿನವರು ಮಾಡಿದ್ದು ಪಾಪವಲ್ಲ ಎಂದು ಕಟ್ಟಳೆ ಹಾಕಿದ. ವಿವೇಕ ಇಲ್ಲದ ಕಡೆ ಪಾಪವೂ ಇಲ್ಲ ಎಂದೆ. ಅವಳು ಬಿಡಲಿಲ್ಲ. "ಸಿಟ್ಟು ಮಿದುಳಿಂದು ಅಂದ್ರೆ, ಮೊದಲಿನ ಒಳ್ಳೇತನಾನೂ ಮಿದುಳಿಂದೇ ಏನು?" ಜೀವಸ್ವರೂಪ ಬದಲಾಗದು ಎಂಬ ನಮ್ಮ ಸಿದ್ಧಾಂತವನ್ನು ಈ ಪ್ರಶ್ನೆಯ ಮುಂದಿಡಲು ನನಗೆ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಒಂದು ಕ್ಲಿನಿಕ್ಕಿನವರು ಗಂಟುಬಿದ್ದರು. ಅವನದೇ ಮೂಳೆಮಜ್ಜೆಯ ಸ್ಟೆಮ್ ಸೆಲ್ ತೆಗೆದು ಬೆನ್ನಿಗೆ ಚುಚ್ಚಿದರೆ "ನಿಮ್ಮ ಹಳೇ ಹುಡುಗ ವಾಪಸ್ ಬರ್ತಾನೆ" ಎಂದರು. ಹುಡುಗ ಪಕ್ಕದ ಕುರ್ಚಿಯಲ್ಲೇ ಕೂತಿದ್ದ, ಎಲ್ಲ ಕೇಳಿಸಿಕೊಳ್ಳುತ್ತಿದ್ದ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಮಿದುಳಿನ ಗಾಯಕ್ಕೆ ಸ್ಟೆಮ್ ಸೆಲ್ ಕೊಡುವುದಾದರೆ ಅದು ಅನುಮತಿ ಪಡೆದ ಪ್ರಯೋಗವಾಗಿರಬೇಕು, ಪ್ರಯೋಗಕ್ಕೆ ಬಂದವರಿಂದ ಹಣ ಕೀಳುವಂತಿಲ್ಲ. ಜಪಾನು 2024ರ ಜುಲೈನಲ್ಲಿ 'ಅಕೂಗೊ' ಎಂಬ ಕೋಶಚಿಕಿತ್ಸೆಗೆ ಷರತ್ತಿನ ಒಪ್ಪಿಗೆ ಕೊಟ್ಟಿದ್ದು ನಿಜ. ಅದು ದಾನಿಗಳ ಮಜ್ಜೆಯಿಂದ ಮಾಡಿ ನೇರ ಮಿದುಳಿಗೇ ಹಾಕುವಂಥದ್ದು. ಪ್ರಯೋಗದಲ್ಲಿ ಕೆಲವರಿಗೆ ತಲೆಬುರುಡೆ ಕೊರೆಯುವ ಶಾಸ್ತ್ರವಷ್ಟೇ ಆಯಿತು, ಕೋಶ ಹಾಕಲಿಲ್ಲ. ಆರು ತಿಂಗಳ ಬಳಿಕ, ಕೈಕಾಲುಗಳ ಚಲನೆಗೆ 100 ಅಂಕ ಇಟ್ಟು ಅಳೆದರೆ, ಕೋಶ ಪಡೆದವರು ಸರಾಸರಿ 8.3 ಮೇಲೇರಿದ್ದರು. ಬರೀ ಶಾಸ್ತ್ರ ಮಾಡಿಸಿಕೊಂಡವರೂ 2.3 ಏರಿದ್ದರು! (ಹರಕೆ ಹೊತ್ತವರನ್ನು ನೋಡಿ ನಗುವವರು ಈ 2.3ರ ಮುಂದೆ ಒಂದು ಗಳಿಗೆ ನಿಲ್ಲಬೇಕು.) ಒಪ್ಪಿಗೆ ಸಿಕ್ಕಿದ್ದು ಕೈಕಾಲಿನ ದೌರ್ಬಲ್ಯಕ್ಕೆ ಮಾತ್ರ, ಸ್ವಭಾವಕ್ಕಲ್ಲ. ಆ ಕೋಶಗಳು ಹೊಸ ಮಿದುಳು ಕಟ್ಟುವುದಿಲ್ಲ. ಉಳಿದ ನರಗಳಿಗೆ ಆಸರೆಯಾಗುವ ರಸ ಬಿಟ್ಟು ತಾವು ಅಳಿದುಹೋಗುತ್ತವೆ ಎನ್ನುತ್ತಾರೆ. ಇಪ್ಪತ್ತು ವರ್ಷಗಳ ನೆನಪು, ಮಮತೆ, ಸಂಕೋಚ ನರನರಗಳ ನಡುವೆ ಹೆಣೆದುಕೊಂಡಿದ್ದು. ಅದು ಯಾವ ದಾನಿಯ ಮಜ್ಜೆಯಲ್ಲಿದ್ದೀತು?

ಆದ್ದರಿಂದ ಹಳಬನನ್ನು ವಾಪಸ್ ಕೇಳುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಹಾಗೆ ಕೇಳಿದಷ್ಟೂ ಸಲ ಎದುರಿಗಿರುವವನನ್ನು ಮನೆಯಿಂದ ಹೊರಗೆ ಹಾಕಿದಂತೆ.

ಕೊನೆಗೆ ಮಂಗಳಗಿರಿಗೆ ಹೋದೆವು. ಅಲ್ಲಿ ಬೆಟ್ಟದ ನರಸಿಂಹನ ಬಾಯಿಗೆ ಬೆಲ್ಲದ ಪಾನಕ ಹೊಯ್ಯುತ್ತಾರೆ. ಎಷ್ಟೇ ತಂದರೂ ಸ್ವಾಮಿ ಅರ್ಧ ಕುಡಿದು ಅರ್ಧ ಪ್ರಸಾದವಾಗಿ ಬಿಡುತ್ತಾನೆಂದು ನಂಬಿಕೆ. ಸಂಕಲ್ಪಕ್ಕೆ ಹುಡುಗನ ಹೆಸರು, ಗೋತ್ರ, ನಕ್ಷತ್ರ ಹೇಳಿದೆವು, ಅವೇನೂ ಬದಲಾಗಿರಲಿಲ್ಲ. ಅವನ ಸ್ವಭಾವ ಎಂಥದ್ದೆಂದು ಅರ್ಚಕರು ಕೇಳಲಿಲ್ಲ. ಕೈಗೆ ಬಲ ಬರಲಿ ಎಂದಷ್ಟೇ ಬೇಡಿಕೋ ಎಂದು ತಮ್ಮನ ಹೆಂಡತಿಗೆ ಪಿಸುಗುಟ್ಟಿದೆ.

"ಅಷ್ಟೇ ಯಾಕೆ? ಸಿಟ್ಟೂ ಇಳೀಲಿ ಅಂತ ಬೇಡ್ಕೋತೀನಿ" ಎಂದಳು. "ಬೈಸ್ಕೊಳ್ಳೋಳು ನಾನು, ನೀವಲ್ಲ."