ತಾತನ ಎರಡು ಎಕರೆ



ಇಂದಿನ ಧಮ್ಮ ಚಿಂತನೆ ಬರೆಯುವ ಸರದಿ ನನ್ನದು. ನಮ್ಮ ತಾತ ತೀರಿಕೊಂಡು ಇವತ್ತಿಗೆ ಒಂದು ವರ್ಷ. ಹೋದ ವರ್ಷ ಈ ಗುಂಪಿನಲ್ಲೇ ಕೆಲವರು ‘ಆತ್ಮಕ್ಕೆ ಶಾಂತಿ ಸಿಗಲಿ’ ಎಂದು ಹಾಕಿದ್ದಿರಿ. ಪ್ರೀತಿಯಿಂದ ಹಾಕಿದ್ದು, ಬೇಸರವಿಲ್ಲ. ಆದರೆ ನಾವು ಆತ್ಮವನ್ನು ಒಪ್ಪದವರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದೂ ಒಂದು. ಹಾಗಾದರೆ ಎಡೆ ಇಡದೆ ಹಿರಿಯರನ್ನು ನೆನೆಯುವುದು ಹೇಗೆ? ಅವರು ಮಾಡಿದ್ದನ್ನು ನೆನೆಯುವುದು. ನನಗೆ ಗೊತ್ತಿರುವ ದಾರಿ ಅಷ್ಟೇ.

ಸುತ್ತನಿಪಾತದ ಕಸಿಭಾರದ್ವಾಜ ಸುತ್ತವನ್ನು ನಾವೆಲ್ಲ ಸೇರಿ ಓದಿದ್ದೇವೆ. ಮಗಧದ ಏಕನಾಳ ಎಂಬ ಹಳ್ಳಿ, ಬಿತ್ತನೆ ಕಾಲ. ಒಬ್ಬ ಬ್ರಾಹ್ಮಣನ 500 ನೇಗಿಲು ಹೂಡಿವೆ. ನಾನು ಉತ್ತು ಬಿತ್ತಿ ಉಣ್ಣುತ್ತೇನೆ, ನೀನೂ ಹಾಗೇ ಮಾಡು ಎಂದು ಅವನು ಭಿಕ್ಷೆಗೆ ಬಂದ ಬುದ್ಧರಿಗೆ ಹೇಳುತ್ತಾನೆ. ನಾನೂ ಬೇಸಾಯಗಾರನೇ ಎಂದು ಬುದ್ಧರು ತಮ್ಮ ಬೀಜ ಯಾವುದು, ಮಳೆ ಯಾವುದು, ನೊಗ ಯಾವುದು ಎಂದು ತಿಳಿಸುತ್ತಾರೆ. ಅದನ್ನು ಓದುವಾಗೆಲ್ಲ ನನಗೆ ಇನ್ನೊಂದು ಪ್ರಶ್ನೆ. ಒಬ್ಬನೇ 500 ನೇಗಿಲು ಹೊಡೆಯಲಾಗದು. ಮೇಣಿ ಹಿಡಿದ ಉಳಿದವರು ಯಾರು? ಅವರ ಹೆಸರು ಎಲ್ಲೂ ಇಲ್ಲ. ನಮ್ಮ ತಾತ ಅರ್ಧ ಆಯಸ್ಸು ಅಂಥವರಲ್ಲೊಬ್ಬರಾಗಿದ್ದರು.

ಅವರಿಗೆ ದರಖಾಸ್ತಿನಲ್ಲಿ ಎರಡು ಎಕರೆ ಖುಷ್ಕಿ ಮಂಜೂರಾಗಿತ್ತು. ಸೋದರತ್ತೆಯ ಮದುವೆ ಸಾಲಕ್ಕೆ ಹೆಬ್ಬೆಟ್ಟು ಒತ್ತಿ ಅದನ್ನು ಊರಿನ ಜಮೀನುದಾರರೊಬ್ಬರಿಗೆ ಬರೆದುಕೊಟ್ಟರು. ಆಮೇಲೆ ಅದೇ ಹೊಲದಲ್ಲಿ ಕೂಲಿಗೆ ಕುಂಟೆ ಹೊಡೆದರು. 1978ರ ಪರಭಾರೆ ನಿಷೇಧ ಕಾಯ್ದೆ, ಅಂದರೆ ನಾವು ಪಿ.ಟಿ.ಸಿ.ಎಲ್. ಎನ್ನುವುದು, ಬಂದ ಮೇಲೆ ಮಂಜೂರಾತಿ ಷರತ್ತು ಮುರಿದು ಹಿಂದೆ ಆದ ಕ್ರಯಗಳೂ ರದ್ದಾಗುತ್ತವೆ ಎಂದು ಯಾರೋ ಹೇಳಿದರು. ತಾತ ಉಪವಿಭಾಗಾಧಿಕಾರಿ ಕೋರ್ಟಿಗೆ ಅರ್ಜಿ ಹಾಕಿದರು. ಮಾರನೇ ದಿನದಿಂದ ಕೂಲಿ ನಿಂತಿತು. ನಾಲ್ಕು ವರ್ಷ ಅಲೆದರು, ಒಂದು ವಾಯಿದೆಯನ್ನೂ ತಪ್ಪಿಸಲಿಲ್ಲ. ಬಸ್ ಚಾರ್ಜಿಗೆ ದುಡ್ಡಿಲ್ಲದ ದಿನ ಕೋಳಿ ಕೂಗುವ ಹೊತ್ತಿಗೆ ಎದ್ದು ನಡೆದೇ ಹೋದರು.

ಆದೇಶ ಕೈಗೆ ಬಂದಾಗ ಹೊಲದಲ್ಲಿ ರಾಗಿ ತೆನೆ ಬಲಿತಿತ್ತು. ನನಗಾಗ ಹತ್ತು ವರ್ಷ. ನಾಳೆಯೇ ಕುಯ್ದು ಹಾಕೋಣ ಎಂದರು ಅಪ್ಪ. ತಾತ ಒಪ್ಪಲಿಲ್ಲ.

“ನೆಲ ನಂದು. ಬಿತ್ತಿದ್ದು ಅವ್ರು. ಕುಯ್ಕೊಂಡು ಹೋಗ್ಲಿ.”

“ಅವ್ರೆಲ್ಲಿ ಬಿತ್ತಿದ್ರು? ನಮ್ ಕೇರಿಯೋರೇ ಅಲ್ವಾ ಬಿತ್ತಿದ್ದು!”

“ಕೂಲಿ ಇಸ್ಕೊಂಡವ್ರಲ್ಲ.”

ಅಪ್ಪ ಒಂದು ವಾರ ಮಾತು ಬಿಟ್ಟರು. ಅಷ್ಟು ವರ್ಷ ಆ ನೆಲದ ಬೆಳೆ ತಿಂದವರು ಅವರು, ಆ ಒಂದು ಬೆಳೆ ಬಡ್ಡಿಗೂ ಸಾಲದು. ಅಪ್ಪನ ಲೆಕ್ಕ ತಪ್ಪು ಎನ್ನಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಆದರೆ ತಾತ ಹೆದರಿ ಬಿಟ್ಟವರೂ ಅಲ್ಲ, ಆದೇಶ ಜೇಬಿನಲ್ಲೇ ಇತ್ತು. ಕೊಡದಿದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು ನಾವು ಹೇಳುವ ಎರಡನೇ ಶೀಲವನ್ನು ಅವರು ಆಗ ಕೇಳಿಯೂ ಇರಲಿಲ್ಲ. ದೀಕ್ಷೆ ತೆಗೆದುಕೊಂಡಿದ್ದು ಎಂಬತ್ತು ದಾಟಿದ ಮೇಲೆ, ನಮ್ಮ ಜೊತೆ. ಪಾಳಿ ನಾಲಿಗೆಗೆ ಹತ್ತಲಿಲ್ಲ. ಧ್ಯಾನಕ್ಕೆ ಕೂತರೆ ಗೊರಕೆ.

ಮುಂದಿನ ಮಳೆಗೆ ಆ ಎರಡು ಎಕರೆಗೆ ರಾಗಿ ಬಿತ್ತಿ, ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು ಹಾಕಿದರು. ಕೊಯ್ಲಿಗೆ ಮೊದಲೇ ಹೊಲವೆಲ್ಲ ತಿರುಗಿ ದಪ್ಪ ತೆನೆ ಆರಿಸಿ ಬೀಜಕ್ಕೆ ಎತ್ತಿಟ್ಟರು. ರಾಗಿ ಮಾರಿದರೂ ಬೀಜ ಮಾರುತ್ತಿರಲಿಲ್ಲ, ಕೇಳಿದವರಿಗೆ ಕೊಡುತ್ತಿದ್ದರು. ಈ ವರ್ಷ ನಾವು ಕುಯ್ದಿದ್ದೂ ಅದೇ ಬೀಜದ ಬೆಳೆ.

ಭಾನುವಾರ ಸಂಜೆ 4 ಗಂಟೆಗೆ ಹೊಲದಲ್ಲೇ ತ್ರಿಸರಣ, ಪಂಚಶೀಲ, ಪುಣ್ಯಾನುಮೋದನೆ ಇಟ್ಟುಕೊಂಡಿದ್ದೇವೆ. ಹಾರ ತರಬೇಡಿ. ಮನೆಯಲ್ಲಿ ಬಿತ್ತನೆ ಬೀಜ ಇದ್ದರೆ ಯಾವುದಾದರೂ ಒಂದು ಹಿಡಿ ತನ್ನಿ, ಹೋಗುವಾಗ ತಾತನ ರಾಗಿ ಒಂದು ಹಿಡಿ ಕೊಡುತ್ತೇವೆ. ಅಪ್ಪನೂ ಇರುತ್ತಾರೆ. ಅವತ್ತು ಬಿಟ್ಟುಕೊಟ್ಟ ರಾಗಿಯ ಮಾತು ತೆಗೆದರೆ ಅವರಿಗೆ ಇನ್ನೂ ಸಿಟ್ಟು ಬರುತ್ತದೆ, ಬೇಕಾದರೆ ಕೇಳಿ ನೋಡಿ.

ಜೈ ಭೀಮ್.