ಊರು ಹೋದ ಮೇಲೂ ಉಳಿದ ಚರ್ಚು

ಚರ್ಚು ಎರಡು ಬಗೆಯದು, ಕಲ್ಲಿನದೊಂದು, ಭಕ್ತಸಮೂಹದ್ದೊಂದು ಎಂದು 13ನೇ ಶತಮಾನದ ಫ್ರಾನ್ಸಿನ ಬಿಷಪ್ ವಿಲಿಯಂ ಡುರಾಂಡಸ್ ಬರೆದ. ಗೋಡೆಯ ಕಲ್ಲುಗಳೇ ಭಕ್ತರ ಸಂಕೇತ ಎಂಬುದು ಅವನ ವ್ಯಾಖ್ಯಾನ. ಎರಡೂ ಒಟ್ಟಿಗಿರುವಷ್ಟು ದಿನ ಈ ಮಾತಿಗೆ ತೊಡಕಿಲ್ಲ. ಜನ ಹೋಗಿ ಕಲ್ಲು ಮಾತ್ರ ಉಳಿದರೆ ಪಾವಿತ್ರ್ಯ ಎಲ್ಲಿರುತ್ತದೆ? ಇಂಗ್ಲೆಂಡಿನ ಯಾರ್ಕ್‌ಶೈರ್ ಗುಡ್ಡಗಳ ನಡುವಿನ ವಾರಂ ಪರ್ಸಿ ಎಂಬ ಹಾಳೂರಿನಲ್ಲಿ ಈ ಪ್ರಶ್ನೆ ನಿಜವಾಗಿಯೇ ಎದುರಾಯಿತು. 1500ರ ಆಸುಪಾಸಿಗೆ ಅಲ್ಲಿ ಉಳಿದಿದ್ದ ಕೆಲವೇ ಒಕ್ಕಲುಗಳನ್ನೂ ಎಬ್ಬಿಸಿ ಹೊಲಗಳನ್ನು ಕುರಿಗಳಿಗೆ ಬಿಟ್ಟರು. ಸೇಂಟ್ ಮಾರ್ಟಿನ್ ಚರ್ಚು ಮಾತ್ರ ನಿಂತಿತು, ಅದರಲ್ಲಿ ಪೂಜೆಯೂ ನಡೆಯಿತು. ಅದರ ಪಾವಿತ್ರ್ಯವಿದ್ದದ್ದು ಅದಕ್ಕಾಗಿ ಜನ ಹೊತ್ತ ಹೊಣೆಯಲ್ಲಿ ಎಂದು ನನ್ನ ವಾದ.

ಮೊದಲ ಸಾಕ್ಷಿ ಗೋಡೆಗಳದೇ. ವಾರಂ ಪರ್ಸಿಯಲ್ಲಿ 1950ರಿಂದ 1990ರವರೆಗೆ ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ ನಡೆಸಿದ ಉತ್ಖನನ ಈ ಕಟ್ಟಡದ ಜಾತಕವನ್ನೇ ಬಿಡಿಸಿಟ್ಟಿತು. ಮೊದಲು ಮರದ ಕಟ್ಟಡವಿದ್ದ ಕುರುಹು, ಅದರ ಮೇಲೆ ಕಲ್ಲಿನ ಪುಟ್ಟ ಚರ್ಚು, ಮುಂದೆ 12ನೇ ಶತಮಾನದಲ್ಲಿ ದೊಡ್ಡದು. ಜನ ಹೆಚ್ಚಿದಂತೆ ದಕ್ಷಿಣಕ್ಕೊಂದು, ಆಮೇಲೆ ಉತ್ತರಕ್ಕೊಂದು ಪಡಸಾಲೆ ಸೇರಿತು. 1349ರ ಮಹಾಮಾರಿಯ ನಂತರ ದಿಕ್ಕು ತಿರುಗಿತು. ಕಾಲಕ್ರಮದಲ್ಲಿ ಪಡಸಾಲೆಗಳನ್ನು ಕೆಡವಿ, ಕಮಾನುಗಳಿಗೆ ಕಲ್ಲು ತುಂಬಿ ಮುಚ್ಚಿದರು. ಬಲಿಪೀಠದ ಭಾಗವೂ ಮೋಟಾಯಿತು. ಮುಚ್ಚಿದ ಕಮಾನುಗಳು ಇಂದಿಗೂ ಗೋಡೆಯಲ್ಲಿ ಎದ್ದು ಕಾಣುತ್ತವೆ. ಇದನ್ನು ಬರೀ ಅವನತಿಯೆಂದು ಓದುವುದು ಆತುರದ ಓದು. ಬೇಡವಾದ ಕಟ್ಟಡವನ್ನು ಬೀಳಲು ಬಿಡುವುದಕ್ಕೆ ಕಾಸೂ ಬೇಕಿಲ್ಲ, ಕೂಲಿಯೂ ಬೇಕಿಲ್ಲ. ಅಳತೆ ನೋಡಿ ಕಿರಿದು ಮಾಡುವುದಕ್ಕೆ ಎರಡೂ ಬೇಕು. ತಮ್ಮ ಸಂಖ್ಯೆಗೆ ತಕ್ಕಂತೆ ಚರ್ಚನ್ನು ಕುಗ್ಗಿಸಿಕೊಂಡವರು ಅದನ್ನು ಕೈಬಿಟ್ಟವರಲ್ಲ.

ಇದೆಲ್ಲ ಬರೀ ಕಾನೂನಿನ ಬಲವಂತ ಎಂದು ಆಕ್ಷೇಪಿಸಬಹುದು. 13ನೇ ಶತಮಾನದಿಂದ ಇಂಗ್ಲೆಂಡಿನಲ್ಲಿ ಬಲಿಪೀಠದ ಭಾಗದ ದುರಸ್ತಿ ಪಾದ್ರಿಯ ಪಾಲಿಗೆ, ಜನ ನಿಲ್ಲುವ ಅಂಗಣದ ದುರಸ್ತಿ ಪ್ಯಾರಿಷ್ಷಿನ, ಅಂದರೆ ಆ ಚರ್ಚಿನ ವ್ಯಾಪ್ತಿಯ, ಜನರ ಪಾಲಿಗೆ ಬರುತ್ತಿತ್ತು. ವಾರಂ ಪರ್ಸಿ ಖಾಲಿಯಾದ ಮೇಲೂ ಅದೇ ಪ್ಯಾರಿಷ್ಷಿಗೆ ಸೇರಿದ ಥಿಕ್ಸೆಂಡೇಲ್ ಹಳ್ಳಿಯವರು ಸುಮಾರು 5 ಕಿಲೋಮೀಟರ್ ದೂರದ ಈ ಚರ್ಚಿಗೇ ಬರಬೇಕಿತ್ತು. ಕಟ್ಟಳೆ ಇದ್ದದ್ದು ನಿಜ. ಆದರೆ ಒಲಿದು ಮಾಡಿದ್ದಷ್ಟೇ ಭಕ್ತಿ, ಕಟ್ಟುಬಿದ್ದು ಮಾಡಿದ್ದು ಬರೀ ಲೆಕ್ಕಾಚಾರ ಎಂಬುದು ನಮ್ಮ ಕಾಲದ ಅಭ್ಯಾಸ. ಅವರಿಗೆ ಈ ಕಟ್ಟು ಹುಟ್ಟಿನಿಂದಲೇ ಬಂದದ್ದು. ಮಗುವಿನ ದೀಕ್ಷಾಸ್ನಾನ, ಮದುವೆ, ಮಣ್ಣು ಎಲ್ಲಕ್ಕೂ ಅದೇ ನೆಲೆ. 1870ರಲ್ಲಿ ಥಿಕ್ಸೆಂಡೇಲ್‌ಗೆ ಸ್ವಂತ ಚರ್ಚು ಬಂದ ಮೇಲೆ ಆದದ್ದೂ ನನ್ನ ವಾದದ ಕಡೆಗೇ ಇದೆ. ಸೇಂಟ್ ಮಾರ್ಟಿನ್‌ನ ಕಲ್ಲುಗಳು ಬದಲಾಗಲಿಲ್ಲ. ಹೊಣೆ ಮಾತ್ರ ಬೇರೆಡೆಗೆ ಹೋಯಿತು. 1949ರಲ್ಲಿ ಕೊನೆಯ ಆರಾಧನೆ ನಡೆಯಿತು, 1959ರಲ್ಲಿ ಗೋಪುರದ ಒಂದು ಭಾಗ ಕುಸಿಯಿತು.

ಇದಕ್ಕಿಂತ ಕಠಿಣವಾದ ಆಕ್ಷೇಪವನ್ನು ಎತ್ತುವುದು ನೆಲದಡಿ ಸಿಕ್ಕ ಎಲುಬುಗಳು. ಚರ್ಚಿನ ಒಳಗೂ ಸುತ್ತಲೂ ಸುಮಾರು 700 ಜನರ ಅವಶೇಷಗಳು ದೊರೆತವು. ಆದರೆ ಮನೆಗಳ ನಡುವಿನ ಗುಂಡಿಗಳಲ್ಲಿ, ಪವಿತ್ರ ನೆಲದ ಹೊರಗೆ, ಕನಿಷ್ಠ 10 ಜನರ 137 ಎಲುಬುಗಳು ಸಿಕ್ಕವು. ಅವುಗಳಲ್ಲಿ ಸುಟ್ಟ ಗುರುತುಗಳಿವೆ, ಚಾಕುವಿನಿಂದ ಕಡಿದ ಗುರುತುಗಳಿವೆ. 11ರಿಂದ 14ನೇ ಶತಮಾನದ ಈ ಜನ ಸತ್ತ ಮೇಲೆ ಎದ್ದು ಬರುತ್ತಾರೆಂಬ ಭಯವೇ ಇದಕ್ಕೆ ಕಾರಣವಿರಬಹುದೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಹಲ್ಲುಗಳ ಪರೀಕ್ಷೆಯ ಪ್ರಕಾರ ಅವರು ಪರದೇಶಿಗಳಲ್ಲ, ಅದೇ ಸೀಮೆಯಲ್ಲಿ ಬೆಳೆದವರು. ಹಾಗಾದರೆ ಊರವರ ಹೊಣೆ ಊರಿನ ಎಲ್ಲರನ್ನೂ ಒಳಗೊಂಡಿರಲಿಲ್ಲವೇ? ಇರಲಿಲ್ಲವೆಂದೇ ತೋರುತ್ತದೆ, ಇದು ನನ್ನ ವಾದಕ್ಕೆ ಅಹಿತಕರ. ಪಾವಿತ್ರ್ಯ ಕಲ್ಲಿನಲ್ಲಿತ್ತು ಎಂದಿದ್ದರೆ ಆ ಗುಂಡಿಗಳ ಪ್ರಶ್ನೆ ಚರ್ಚನ್ನು ಮುಟ್ಟುತ್ತಲೇ ಇರಲಿಲ್ಲ. ಹೊಣೆಯಲ್ಲಿತ್ತು ಎಂದ ಮೇಲೆ ಅಂಗಣದ ಗೋಡೆ ಎತ್ತಿದ ಜನರೇ ತಮ್ಮವರಲ್ಲಿ ಯಾರಿಗೆ ಮಣ್ಣು ಸಲ್ಲುತ್ತದೆ, ಯಾರಿಗೆ ಇಲ್ಲ ಎಂದು ನಿರ್ಧರಿಸಿದರು ಎಂಬುದನ್ನೂ ನಾನು ಒಪ್ಪಬೇಕಾಗುತ್ತದೆ.